ಗಂಜಿಯೊಳಗಿನ ಗತಿ: ಮುಧೋಳ-ಜಮಖಂಡಿ ಸೀಮೆಯ ಅಣು ಮೀಮಾಂಸೆ

ಉಪ್ಪು ಹೆಪ್ಪುಗಟ್ಟಿದ ಜೆಲ್ಲಿಯಲ್ಲೂ ಹೆಚ್ಚುಕಡಿಮೆ ನೀರಿನಲ್ಲಿ ಹರಡಿದಂತೆಯೇ ಹರಡುತ್ತದೆ, ಅಂಟಿನಂಥ ದೊಡ್ಡ ಅಣು ಮಾತ್ರ ಹಿಂದೆ ಬೀಳುತ್ತದೆ. ಇದನ್ನು ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ 1861ರಲ್ಲಿ ತೋರಿಸಿಕೊಟ್ಟನೆಂದು ಪಾಶ್ಚಾತ್ಯ ವಿದ್ವಾಂಸರು ನಂಬಿದ್ದಾರೆ. ನಂಬಲಿ. ಮುಧೋಳದ ರನ್ನ ಎಂಟುನೂರು ವರ್ಷಕ್ಕೂ ಮೊದಲೇ ಈ ವಿಷಯ ಇತ್ಯರ್ಥ ಮಾಡಿಟ್ಟಿದ್ದನೆಂಬುದು ಪ್ರಸ್ತುತ ಪ್ರಬಂಧಕಾರನ ವಾದ.

'ಗದಾಯುದ್ಧ'ದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತು, ಭೀಮನ ಗರ್ಜನೆ ಕೇಳಿ ನೀರೊಳಗೇ ಬೆವರುತ್ತಾನೆ. ರಸಿಕರು ಇದರಲ್ಲಿ ರೌದ್ರರಸ ಕಂಡರು. ನಮಗದು ಪ್ರಯೋಗದ ವರದಿ. ಬೆವರಿನ ಉಪ್ಪು, ಅಣುತೂಕ 58, ಸಲೀಸಾಗಿ ಹೊರಟುಹೋಯಿತು. ಕುರುಪತಿ, ತೂಕ ಅಪಾರ, ಕೂತಲ್ಲೇ ಕೂತ. ಸರೋವರ ಜೆಲ್ ಹೇಗಾದೀತು ಎನ್ನುವವರಿಗೆ ಉತ್ತರ: ಪಾಚಿ ಇದ್ದಿರಲೇಬೇಕು.

ಪೂರ್ವಪಕ್ಷದವರಿಗೆ ಇಷ್ಟು ಸಾಲದಿದ್ದರೆ ಜಮಖಂಡಿಯ ಅಡುಗೆಮನೆ ಹತ್ತಿರದಲ್ಲೇ ಇದೆ. ರಾತ್ರಿ ಉಳಿದು ಗಟ್ಟಿಯಾದ ನುಚ್ಚಿನ ಮೇಲೆ ಉಪ್ಪು ಉದುರಿಸಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಬೆರಳಗಲ ಇಳಿದಿರುತ್ತದೆ. ಸಕ್ಕರೆ ಉದುರಿಸಿದರೆ, ಅದರ ತೂಕ 342, ಅಷ್ಟು ಇಳಿಯದು. ಒಗ್ಗರಣೆಯ ಸಾಸಿವೆ ಮಾತ್ರ ಇಟ್ಟಲ್ಲೇ ಇರುತ್ತದೆ; ಅದನ್ನು ಅಣುವೆಂದು ಒಪ್ಪಲು ಈ ಶಾಸ್ತ್ರ ಸಿದ್ಧವಿಲ್ಲ.

ಆದರೆ ನಿಜವಾದ ಪ್ರಯೋಗಶಾಲೆ ರಬಕವಿ-ಬನಹಟ್ಟಿ. ಮಗ್ಗಕ್ಕೇರುವ ಮೊದಲು ಹಾಸಿನ ನೂಲು ಗಂಜಿ ಕುಡಿಯುತ್ತದೆಂದು ಮಂದಿ ಅನ್ನುತ್ತಾರೆ. ಕುಡಿಯುವುದಿಲ್ಲ, ಬಹುಪಾಲು ಮೈಗೆ ಬಳಿದುಕೊಳ್ಳುತ್ತದೆ. ಗಂಜಿಯ ಪಿಷ್ಟದಲ್ಲಿ ಅಮೈಲೊಪೆಕ್ಟಿನ್ ಎಂಬ ರೆಂಬೆಕೊಂಬೆಯ ಅಣುವಿದೆ. ಅದರ ತೂಕ ಕೋಟಿ ದಾಟುತ್ತದೆ. ನೆನೆದ ಹತ್ತಿಯೆಳೆಯೊಳಗಿನ ರಂಧ್ರಗಳೋ ಕೆಲವೇ ನ್ಯಾನೊಮೀಟರು. ಹೀಗಾಗಿ ಅದು ಹೊಸ್ತಿಲಲ್ಲೇ ಉಳಿಯಿತು, ಉಳಿದದ್ದೇ ಉಪಕಾರವಾಯಿತು. ನೂಲಿನ ಮೇಲೆದ್ದ ಜುಂಗನ್ನು ಕೂರಿಸಿ, ಹಣಿಗೆಯ ಉಜ್ಜಾಟಕ್ಕೆ ಎಳೆ ಹರಿಯದಂತೆ ಕಾಯಿತು. ಹೆಚ್ಚೆಂದರೆ ಸಾವಿರದ ಆಸುಪಾಸಿನ ತೂಕದ ಬಣ್ಣದ ಅಣುವಿಗೆ ಇಂಥ ತಡೆಯಿಲ್ಲ. ಬಿಸಿನೀರಿನ ತೊಟ್ಟಿಯಿಂದ ನೇರ ಒಳಮನೆಗೇ ನುಗ್ಗಿ ಠಿಕಾಣಿ ಹೂಡುತ್ತದೆ. ನೇಯ್ದ ಮೇಲೆ ಗಂಜಿ ಬಿಡಿಸಬೇಕಾದರೆ ಅಮೈಲೇಸ್ ಎಂಬ ಕಿಣ್ವ ಬಂದು ಪಿಷ್ಟವನ್ನು ಕರಗುವಂಥ ಚೂರುಗಳಾಗಿ ಕತ್ತರಿಸುತ್ತದೆ. ಚೂರಾದದ್ದು ನೀರಿಗೆ ತೊಳೆದುಹೋಗುತ್ತದೆ. ಬಾಗಿಲಲ್ಲಿ ಕೂತ ದೊಡ್ಡವರನ್ನು ಎಬ್ಬಿಸಲು ಇದಕ್ಕಿಂತ ಸಭ್ಯ ಉಪಾಯ ಶಾಸ್ತ್ರಕ್ಕೆ ತಿಳಿದಿಲ್ಲ.

ಐನ್‌ಸ್ಟೈನರ 1905ರ ಲೆಕ್ಕದಂತೆ ನೀರಿನಲ್ಲಿ ಕಣದ ತ್ರಿಜ್ಯ ಎರಡು ಪಟ್ಟಾದರೆ ಹರಡುವಿಕೆ ಅರ್ಧವಾಗುತ್ತದೆ. ಜೆಲ್ಲಿನಲ್ಲಿ ಅಷ್ಟು ಕರುಣೆಯಿಲ್ಲ. ಅಣುವಿನ ಅಳತೆ ಜೆಲ್ಲಿನೊಳಗಿನ ಜಾಲದ ಕಣ್ಣಿನ ಅಳತೆಯನ್ನು ಸಮೀಪಿಸಿತೋ, ಗತಿ ಧೊಪ್ಪನೆ ಬೀಳುತ್ತದೆ.

ಇಲ್ಲಿ ಬೀಳಗಿಯ ಕಡೆಯಿಂದ ಆಕ್ಷೇಪವೊಂದು ಏಳುತ್ತದೆ, ಗಂಭೀರವಾದದ್ದು. 1959ರಲ್ಲಿ ಸ್ವೀಡನ್ನಿನ ಪೋರಾತ್ ಮತ್ತು ಫ್ಲೋಡಿನ್ ಡೆಕ್ಸ್‌ಟ್ರಾನ್ ಜೆಲ್ಲಿನ ಕಾಳುಗಳನ್ನು ಕೊಳವೆಯಲ್ಲಿ ತುಂಬಿ ಮಿಶ್ರಣ ಸುರಿದರಷ್ಟೆ. ದೊಡ್ಡ ಅಣುವೇ ಮೊದಲು ಹೊರಬಂತು! ಸಿದ್ಧಾಂತ ಬಿದ್ದುಹೋಯಿತೇ? ಇಲ್ಲ. ಕಾಳಿನೊಳಗೆ ಹೋಗಲಾರದ ದೊಡ್ಡದು ಕಾಳುಗಳ ನಡುವಿನ ಸಂದಿಯಲ್ಲೇ ಇಳಿದುಬಂತು. ಸಣ್ಣದು ಸಿಕ್ಕಸಿಕ್ಕ ಕಾಳಿನೊಳಗೆಲ್ಲ ಹೊಕ್ಕು ಹೊರಟು ತಡಮಾಡಿತು. ಕಬ್ಬಿನ ಹಂಗಾಮಿನಲ್ಲಿ ಇದು ದಿನಾ ಕಾಣುವ ಸಂಗತಿ. ಎರಡು ಟ್ರೇಲರಿನ ಟ್ರ್ಯಾಕ್ಟರು ಓಣಿಗೆ ಹಿಡಿಸದೆ ಡಾಂಬರು ರಸ್ತೆ ಹಿಡಿದು ಸೀದಾ ಫ್ಯಾಕ್ಟರಿಯ ಗೇಟಿಗೆ ಬರುತ್ತದೆ. ಅದಕ್ಕೂ ಮೊದಲೇ ಬೈಕಿನಲ್ಲಿ ಹೊರಟ ಕಬ್ಬಿನ ಮಾಲಕ ಓಣಿ ಓಣಿಯಲ್ಲೂ ಸಿಕ್ಕಿಬೀಳುತ್ತಾನೆ: "ಬರ್ರಿ ಕಾಕಾ, ಒಂದ ಕಪ್ ಚಾ ಕುಡದ ಹೋಗ್ರಿ." "ಈಗರ ಕುಡದ ಬಂದೇನಪಾ." "ಕುಡದ್ರ ಏನಾತು, ಬರ್ರಿ." ಅವನು ಮುಟ್ಟುವಾಗ ಟ್ರ್ಯಾಕ್ಟರು ಆಗಲೇ ಸರದಿಯಲ್ಲಿ ನಿಂತಿರುತ್ತದೆ. ಆ ಸರದಿ ಮುಂದಕ್ಕೆ ಸರಿಯುವ ವೇಗ ಅಣುವಿನ ಗಾತ್ರಕ್ಕಾಗಲಿ ಜಾಲದ ಕಣ್ಣಿಗಾಗಲಿ ಸಂಬಂಧಿಸಿದ್ದಲ್ಲ. ಅದಕ್ಕೆ ಬೇರೆ ಶಾಸ್ತ್ರವಿದೆ, ಅದರ ಪಂಡಿತರು ಗೇಟಿನೊಳಗೆ ಕೂತಿರುತ್ತಾರೆ.