ಹೇನೇ ಇಲ್ಲದ ಮನೆಯವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

‘ಮಕ್ಕಳ ತಲೆಯಲ್ಲಿ ಹೇನಾಗಿದೆ, ಒಮ್ಮೆ ನೋಡಿ’ ಎಂದು ಟೀಚರು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಬರೆದ ಕೂಡಲೇ, ‘ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ’ ಎಂದು ಮೊದಲು ಉತ್ತರಿಸಿದವರು ತಾವು. ತಲೆ ನೋಡುವ ಮೊದಲೇ ವರದಿ ಕೊಡುವ ತಮ್ಮ ಜ್ಞಾನದೃಷ್ಟಿಗೆ ನಮಸ್ಕಾರ. ತಮ್ಮ ಬೆನ್ನಿಗೇ ಉಳಿದವರೂ ಹಾಗೇ ಬರೆದರು. ಹೇನುಗಳಿಗೆ ಇದಕ್ಕಿಂತ ದೊಡ್ಡ ಅಭಯ ಬೇರೆ ಯಾರು ಕೊಟ್ಟಾರು?

ಮಾರನೆಯ ದಿನ ಶಾಲೆಯ ಗೇಟಿನಲ್ಲಿ ತೀರ್ಪೂ ಬಂತು: ‘ಕೆಲಸದವಳ ಮಗಳಿಂದ ಹತ್ತಿರಬೇಕು.’ ಹೇನಿಗೆ ರೆಕ್ಕೆಯಿಲ್ಲ, ನೆಗೆಯಲೂ ಬಾರದು. ಕೂದಲಿಂದ ಕೂದಲಿಗೆ ನಡೆದೇ ದಾಟಬೇಕು, ಅದಕ್ಕೆ ತಲೆಗೆ ತಲೆ ತಾಗಬೇಕು. ನಿಮ್ಮ ಮಗಳೂ ನನ್ನ ಮಗಳೂ ನಿಮ್ಮ ಸೋಫಾದ ಮೇಲೆ ಒಂದೇ ಫೋನಿಗೆ ಬಾಗಿ ರೀಲ್ಸ್ ನೋಡುತ್ತಾರಲ್ಲ, ಅಷ್ಟು ಸಾಕು. ಕೆಲಸದವಳ ಮಗಳನ್ನು ಆ ಸೋಫಾದ ಮೇಲೆ ತಾವು ಕೂರಿಸಿದ್ದನ್ನು ನಾನಂತೂ ನೋಡಿಲ್ಲ.

ದುಬಾರಿ ಶಾಂಪೂವಿನ ಮಾತೂ ಬಂತು. ಹೇನಿಗೆ ಬೇಕಿರುವುದು ನೆತ್ತಿಯ ರಕ್ತ ಮತ್ತು ಬಿಸಿ. ಮಿಂದ ತಲೆ, ಎಣ್ಣೆ ತಲೆ ಎಂಬ ಭೇದ ಅದಕ್ಕಿಲ್ಲ, ಸಿರಿತನದ ಹಂಗೂ ಇಲ್ಲ. ಇಸ್ರೇಲಿನ ಲಾಕೀಶ್‌ನಲ್ಲಿ ಒಂದು ಪುಟ್ಟ ದಂತದ ಬಾಚಣಿಗೆ ಸಿಕ್ಕಿತು, ಸುಮಾರು 3,700 ವರ್ಷ ಹಳೆಯದು. ಆನೆಗಳೇ ಇಲ್ಲದ ಆ ಊರಿಗೆ ದಂತ ಹೊರಗಿನಿಂದ ಬರಬೇಕಿತ್ತು, ಅಂದರೆ ಅದು ಸಿರಿವಂತರ ಸೊತ್ತು. ಅದರ ಮೇಲಿನ ಕಾನಾನ್ ಲಿಪಿಯ ಬರಹವನ್ನು 2022ರಲ್ಲಿ ಓದಿದಾಗ ತಿಳಿದದ್ದು: ಕೂದಲು, ಗಡ್ಡಗಳ ಹೇನು ತೊಲಗಲಿ ಎಂಬ ಹಾರೈಕೆ. ಬಾಚಣಿಗೆಯ ಹಲ್ಲಿನ ಮೇಲೆ ಹೇನಿನ ಅವಶೇಷವೂ ಇತ್ತು. ಪಾಪ, ಆ ಶ್ರೀಮಂತರಿಗೆ ‘ನಮ್ಮಲ್ಲಿ ಇಲ್ಲ’ ಎನ್ನುವ ಜಾಣತನ ಹೊಳೆಯಲಿಲ್ಲ.

ತಾವು ಗುಟ್ಟಾಗಿ ಏನೋ ಮಾಡುತ್ತಿದ್ದೀರಿ ಎಂಬುದನ್ನು ಸೀಮೆಎಣ್ಣೆಯ ವಾಸನೆ ಮೆಟ್ಟಿಲಿಳಿದು ಬಂದು ಹೇಳುತ್ತಿದೆ. ದಯವಿಟ್ಟು ಬೇಡ. ಅದು ನೆತ್ತಿ ಸುಡುತ್ತದೆ, ಹತ್ತಿರ ಬೆಂಕಿ ಸುಳಿದರೆ ಮಗುವನ್ನೇ ಸುಡುತ್ತದೆ. ಸೀತಾಫಲದ ಬೀಜದ ಪುಡಿಯೂ ಬೇಡ. ಕಣ್ಣಿಗೆ ಬಿದ್ದರೆ ಕಣ್ಣಿನ ಡಾಕ್ಟರ ಬಳಿ ಓಡಬೇಕು, ಆಗ ಗುಟ್ಟು ಇನ್ನೂ ನಾಲ್ಕು ಜನಕ್ಕೆ ತಿಳಿಯುತ್ತದೆ.

ಮೆಡಿಕಲ್ ಶಾಪಿನಲ್ಲಿ 1% ಪರ್ಮೆಥ್ರಿನ್ ಲೋಷನ್ ಸಿಗುತ್ತದೆ. ಕೇಳುವಾಗ ದನಿ ತಗ್ಗಿಸಬೇಕಿಲ್ಲ, ಅಂಗಡಿಯವನ ಮನೆಯಲ್ಲೂ ಮಕ್ಕಳಿದ್ದಾರೆ. ತೊಳೆದು ಒರೆಸಿದ ಕೂದಲಿಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಬೇಕು. ಆಮೇಲೆ ಮಗುವನ್ನು ಬಿಸಿಲಿಗೆ ಕೂರಿಸಿ, ಹೆಗಲಿಗೆ ಬಿಳಿ ಪಂಚೆ ಹಾಸಿ, ಕೂದಲನ್ನು ಎಳೆಎಳೆಯಾಗಿ ಬಿಡಿಸಿ ಸೀರಣಿಗೆ ಹಿಡಿಯಿರಿ. ಕಿವಿಯ ಹಿಂದೆ, ಕುತ್ತಿಗೆಯ ಬುಡದಲ್ಲಿ ಸೀರು ಹೆಚ್ಚು. ಕೂದಲಿಗೆ ಅಂಟು ಹಾಕಿದ ಹಾಗೆ ಕೂತಿರುತ್ತದೆ, ಕೊಡವಿದರೆ ಬೀಳುವುದಿಲ್ಲ. ತಲೆಹೊಟ್ಟಾದರೆ ಉದುರುತ್ತದೆ. ತಲೆಹೊಟ್ಟು ಎಂದು ತಾವು ಹೇಳುತ್ತಿದ್ದುದು ಯಾವುದು ಎಂದು ಅಲ್ಲಿಯೇ ಇತ್ಯರ್ಥವಾಗುತ್ತದೆ.

ಔಷಧಿಗೆ ಹೇನು ಸತ್ತರೂ ಸೀರೆಲ್ಲ ಸಾಯುವುದಿಲ್ಲ. ಎಂಟೊಂಬತ್ತು ದಿನಕ್ಕೆ ಒಡೆದು ಮರಿ ಬರುತ್ತದೆ. ಅದಕ್ಕೇ ಒಂಬತ್ತನೆಯ ದಿನ ಎರಡನೆಯ ಸಲ ಹಚ್ಚಬೇಕು. ಬಹಳ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲೇ. ಇಡೀ ಮನೆಗೆ ಕೀಟನಾಶಕ ಹೊಡೆಸುವುದು ಬೇಡ, ತಲೆ ಬಿಟ್ಟ ಹೇನು ಒಂದೆರಡು ದಿನಕ್ಕಿಂತ ಹೆಚ್ಚು ಬದುಕದು. ದಿಂಬಿನ ಚೀಲ, ಬಾಚಣಿಗೆಗೆ ಬಿಸಿನೀರು ಸಾಕು.

ನಮ್ಮ ಮನೆಯಲ್ಲಿ ಹೇನಿದೆ. ಈ ಭಾನುವಾರ ಬೆಳಿಗ್ಗೆ ಔಷಧಿ ಹಚ್ಚುತ್ತಿದ್ದೇವೆ. ಅದೇ ದಿನ ನೀವೂ ಮಗಳ ತಲೆ ನೋಡಿ, ಹೇನು ಕಂಡರೆ ಹಚ್ಚಿ, ಕೆಲಸದವಳ ಮಗಳಿಗೂ ಒಂದು ಸೀಸೆ ಕೊಡಿ. ಯಾರಿಗೂ ಹೇಳುವುದಿಲ್ಲ.

ಇತಿ,
ನಿಮ್ಮ ಮಗಳ ಪಕ್ಕದಲ್ಲಿ ಕೂರುವವಳ ತಾಯಿ