ಎಂಟು ಡಾಲರ್ ಭಾವ

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಭಾವನವರ ಮನೆಗೆ ಹೋದರೆ ಕಾಫಿಗಿಂತ ಮೊದಲು ಎಂಟು ಡಾಲರ್ ಬರುತ್ತದೆ. "ಈ ದೇಶಕ್ಕೆ ಬಂದಿಳಿದಾಗ ನನ್ನ ಜೇಬಲ್ಲಿದ್ದದ್ದು ಎಂಟೇ ಡಾಲರ್ ಕಣಯ್ಯ!" 1970ರ ಆಸುಪಾಸಿನಲ್ಲಿ ವಿಮಾನ ಹತ್ತಿದವರ ಕೈಗೆ ನಮ್ಮ ಸರ್ಕಾರ ಬಿಡುತ್ತಿದ್ದದ್ದೇ ಅಷ್ಟು, ಜಮೀನ್ದಾರರ ಮಗನಿಗೂ ಎಂಟೇ, ಗುಮಾಸ್ತರ ಮಗನಿಗೂ ಎಂಟೇ. ಇದನ್ನು ಭಾವನಿಗೆ ಹೇಳುವ ಧೈರ್ಯ ನನಗಿಲ್ಲ. ನಡುರಾತ್ರಿ ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಬಂದು, ಉಪ್ಪಿನಕಾಯಿ ಸೋರಿದ ನನ್ನ ಪೆಟ್ಟಿಗೆಯನ್ನು ಈ ವಯಸ್ಸಿನಲ್ಲೂ ತಾವೇ ಎತ್ತಿ ಕಾರಿಗಿಟ್ಟವರು ಅವರು. ಸಾಲದ್ದಕ್ಕೆ, ಮೊಮ್ಮಗನ ಮಾರ್ಕ್ಸ್ ಕಾರ್ಡ್ ಬಂದ ದಿನ ಊರಲ್ಲಿ ಅದೇ ಎಂಟು ಡಾಲರನ್ನು ಚಲಾಯಿಸುವವನು ನಾನೇ.

ಭಾರತೀಯ ಮೂಲದವರು ಯಾರೇ ಗೆಲ್ಲಲಿ, ಭಾವನ ಖಾತೆಗೆ ಜಮಾ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ 'ನಮ್ಮ ಮಂಡ್ಯದ ಹುಡುಗ'. 2019ರ ಸ್ಪೆಲ್ಲಿಂಗ್ ಬೀ ಸ್ಪರ್ಧೆಯಲ್ಲಿ ಎಂಟು ಮಕ್ಕಳು ಜಂಟಿಯಾಗಿ ಗೆದ್ದರು, ಏಳು ಜನ ನಮ್ಮವರು. ಎಂಟನೆಯವಳ ವಿಚಾರದಲ್ಲಿ ಭಾವನಿಗೆ ಇವತ್ತಿಗೂ ಸ್ವಲ್ಪ ಬೇಸರ.

ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಎಂಟು ಡಾಲರಿಗೊಂದು ಬಾಲವೂ ಇದೆ: "ನಮ್ಮ ಕೈಲಾಯ್ತು, ಈ ಕರಿಯರ ಕೈಲಿ ಯಾಕಾಗಲ್ಲ?"

ಜನವರಿಯ ಚಳಿಯಲ್ಲಿ ಮನೆಯ ಹೀಟರ್ ಕೆಟ್ಟಿತು. ರಿಪೇರಿಗೆ ಬಂದ ಕಪ್ಪು ಮನುಷ್ಯ, ಹೆಚ್ಚುಕಡಿಮೆ ನನ್ನ ವಯಸ್ಸಿನವರು, ನೆಲಮಾಳಿಗೆಯಲ್ಲಿ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಅಂಗಾತ ಮಲಗಿದ್ದರು. ಎದ್ದು ಹೋಗಲಾಗದ, ಬಾಯಿ ತೆರೆಯಲಾಗದ ಕೇಳುಗ! ಭಾವ ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತರು, ಎಂಟು ಡಾಲರ್ ಶುರುವಾಯಿತು, ಬಾಲವೂ ಬಂತು. ಆತ ಟಾರ್ಚು ತೆಗೆದು ಹೇಳಿದರು: "ನಮ್ಮಪ್ಪನ ಹತ್ರ ದುಡ್ಡಿತ್ತು ಸಾರ್, ಕೆಲಸಾನೂ ಇತ್ತು. ನಮ್ಮ ಬೀದಿಗೆ ಬ್ಯಾಂಕಿನವರು ಸಾಲ ಕೊಡ್ತಿರಲಿಲ್ಲ, ಬಿಳಿಯರ ಬೀದೀಲಿ ನಮಗೆ ಮನೆ ಮಾರ್ತಿರಲಿಲ್ಲ."

"ಅದೂ ನಿಜಾನ್ನಿ," ಎಂದರು ಭಾವ. "ಆದ್ರೆ ಎಂಟು ಡಾಲರಲ್ಲಿ ಏನು ಬರತ್ತೆ, ನೀವೇ ಹೇಳಿ!"

ಆತ ಮತ್ತೆ ಟಾರ್ಚು ಕಚ್ಚಿಕೊಂಡರು.

ಭಾವ ಹೇಳದೆ ಬಿಡುವುದರಲ್ಲೇ ಸ್ವಾರಸ್ಯ ಜಾಸ್ತಿ. 1946ರ ಅಮೆರಿಕದ ಕಾನೂನಿನಲ್ಲಿ ಭಾರತೀಯರಿಗೆ ಸಿಕ್ಕ ವಲಸೆ ಕೋಟಾ ವರ್ಷಕ್ಕೆ 100 ಜನ. ಕಪ್ಪು ಜನ ಬೀದಿಗಿಳಿದು, ಏಟು ತಿಂದು ಹಕ್ಕು ಗಿಟ್ಟಿಸುತ್ತಿದ್ದ ಕಾಲದಲ್ಲೇ 1965ರ ವಲಸೆ ಕಾನೂನು ಬಂದು ಬಾಗಿಲು ತೆರೆಯಿತು. ನಮ್ಮ ಕಡೆಯಿಂದ ಅದರೊಳಗೆ ನುಗ್ಗಿದವರಲ್ಲಿ ಡಾಕ್ಟರು, ಇಂಜಿನಿಯರುಗಳೇ ಹೆಚ್ಚು. ಭಾವನ ಜೇಬಲ್ಲಿ ಎಂಟು ಡಾಲರ್ ಇತ್ತು, ಪೆಟ್ಟಿಗೆಯಲ್ಲಿ ಸರ್ಕಾರಿ ಕಾಲೇಜಿನ ಡಿಗ್ರಿಯಿತ್ತು. ಆ ಬಾಲವೂ ಅವರ ಸ್ವಂತದ್ದಲ್ಲ. 1966ರಲ್ಲೇ ಸಮಾಜಶಾಸ್ತ್ರಜ್ಞ ವಿಲಿಯಂ ಪೀಟರ್ಸನ್ 'ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್'ನಲ್ಲಿ ಜಪಾನಿ ಮೂಲದವರನ್ನು ಹೊಗಳುತ್ತ, ಅವರ ಪಕ್ಕಕ್ಕೆ ಕಪ್ಪು ಜನರನ್ನು ನಿಲ್ಲಿಸಿ ಅಳೆದಿದ್ದರು.

ಅಕ್ಕ ಮಾತ್ರ ಒಂದು ರಾತ್ರಿ, ಹುರುಳಿಕಾಯಿ ಸೋಸುತ್ತ, 1987ರ ಮಾತೆತ್ತಿದಳು. ಆಗ ಅವರಿದ್ದದ್ದು ಜೆರ್ಸಿ ಸಿಟಿಯಲ್ಲಿ. ಡಾಟ್‌ಬಸ್ಟರ್ಸ್ ಎಂಬ ಪುಂಡರು ಭಾರತೀಯರನ್ನು ಹುಡುಕಿ ಹೊಡೆಯುತ್ತಿದ್ದ ಕಾಲ. ಪಕ್ಕದ ಹೊಬೋಕನ್‌ನಲ್ಲಿ ನವ್ರೋಜ್ ಮೋದಿ ಎಂಬ ಯುವಕ ಗುಂಪೊಂದರ ಹೊಡೆತಕ್ಕೆ ಪ್ರಾಣ ಬಿಟ್ಟ. "ಹೊರಗೆ ಹೋಗೋವಾಗ ಕುಂಕುಮ ಒರೆಸಿಕೊಳ್ತಿದ್ದೆ," ಎಂದಳು.

"ಯಾರೋ ನಾಲ್ಕು ಪುಂಡರು. ಅದನ್ನ ಯಾಕೆ ದೊಡ್ಡದು ಮಾಡ್ತೀಯೆ?"

"ಬಾಗಿಲಿಗೆ ಎರಡನೇ ಚಿಲಕ ಹಾಕಿಸಿದ್ದು ನೀವೇ ಅಲ್ವಾ?"

ಭಾವ ನನ್ನ ಕಡೆ ತಿರುಗಿ, ನಾಳೆ ಓಕ್ ಟ್ರೀ ರೋಡಿಗೆ ಹೋಗಿ ಮಸಾಲೆದೋಸೆ ತಿನ್ನೋಣವೇ ಎಂದು ಕೇಳಿದರು.