ಝಡ್ ಡ್ರೈವ್ ಎಲ್ಲಿ ಹೋಯ್ತು?

ಪಕ್ಕದ ಮನೆ ಕಾಕಾ ಕಂಪೌಂಡಿನ ಪರಸಿಗಲ್ಲಿನ ಮೇಲೆ ಮೊಣಕೈ ಊರಿ ನಿಂತರೆಂದರೆ ಏನೋ ಒಂದು ಪ್ರಶ್ನೆ ಇದೆ ಎಂದೇ ಅರ್ಥ. ಈ ಸಲದ್ದು ಹೀಗಿತ್ತು: "ತಮ್ಮಾ, ಕಂಪ್ಯೂಟರ್‌ನಾಗ ಝಡ್ ಡ್ರೈವ್ ಅದ. ಒತ್ತಿದ್ರ ಹಾಡು, ಸಿನಿಮಾ, ಮೊಮ್ಮಗಳ ಜವಳದ ವಿಡಿಯೋ ಎಲ್ಲಾ ಕಾಣ್ತಾವ. ಅದೇ ಕಂಪ್ಯೂಟರ್‌ನಾಗಿರೋ ಜೆಲ್ಲಿಫಿನ್‌ಗೆ ಮಾತ್ರ ಝಡ್ ಇಲ್ಲೇ ಇಲ್ಲಂತ! ಇದೆಂಥಾದ್ದೋ?"

ನನಗಂತೂ ಈ ಪ್ರಶ್ನೆ ಬಹಳ ಸೇರಿತು. ಒಂದೇ ಯಂತ್ರ, ಒಂದೇ ವೈರು. ಒಬ್ಬರಿಗೆ ಕಾಣುವುದು ಇನ್ನೊಬ್ಬರಿಗೆ ಯಾಕೆ ಕಾಣಬಾರದು, ಅಲ್ವಾ?

ಝಡ್ ಅನ್ನೋದು ನೆಟ್‌ವರ್ಕಿನಲ್ಲಿರುವ ಬೇರೆ ಯಂತ್ರದ ಫೋಲ್ಡರಿಗೆ ಇಟ್ಟ ಅಡ್ಡಹೆಸರು. ಆ ಅಕ್ಷರ ಹುಟ್ಟುವುದೇ ಕಾಕಾ ಪಾಸ್‌ವರ್ಡ್ ಹಾಕಿ ವಿಂಡೋಸ್ ಒಳಗೆ ಬಂದ ಮೇಲೆ. ಅದು ಅವರ ಲಾಗಿನ್‌ಗೆ ಅಂಟಿಕೊಂಡದ್ದು. ಜೆಲ್ಲಿಫಿನ್ ಅಂದರೆ ನಮ್ಮ ಹಾಡು, ಸಿನಿಮಾಗಳನ್ನು ಮನೆಯ ಟಿವಿ, ಫೋನುಗಳಿಗೆ ಹರಿಸುವ ಸರ್ವರ್. ಅದು ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ಆಗಿ ಕೂತಿದ್ದರೆ ಕಂಪ್ಯೂಟರ್ ಚಾಲೂ ಆದ ಕೂಡಲೇ, ಯಾರೂ ಲಾಗಿನ್ ಆಗುವ ಮುಂಚೆಯೇ, ತನ್ನದೇ ಬೇರೆ ಖಾತೆಯಲ್ಲಿ ಎದ್ದು ಕೂತಿರುತ್ತದೆ. ಮನೆಯವರು ಹುಡುಗನನ್ನು ಪುಟ್ಯಾ ಎಂದು ಕರೀತಾರೆ, ಪೋಸ್ಟ್‌ಮನ್ ಬಂದು ಪುಟ್ಯಾನ ಮನಿ ಯಾವುದು ಅಂತ ಓಣಿ ತುಂಬಾ ಕೇಳಿದರೆ ಸಿಕ್ಕೀತೇ? ಝಡ್ ಕೂಡ ಹಾಗೇ. ಸರ್ವರಿಗೆ ಪೂರಾ ವಿಳಾಸ ಬೇಕು: ಎರಡು ಓರೆ ಗೀಟು, ಡಿಸ್ಕ್ ಇರುವ ಯಂತ್ರದ ಹೆಸರು, ಮತ್ತೊಂದು ಓರೆ ಗೀಟು, ಫೋಲ್ಡರಿನ ಹೆಸರು.

"ಬರದೆ. ಈಗ ಪರ್ಮಿಶನ್ ಇಲ್ಲ ಅಂತದ" ಅಂದರು ಕಾಕಾ. ಅದೂ ಸರಿಯೇ. ವಿಳಾಸ ಸಿಕ್ಕ ಮಾತ್ರಕ್ಕೆ ಬಾಗಿಲು ತೆಗೆದಂತಾಯಿತೇ?

ಅಂದಹಾಗೆ, ವಿಸಿಆರ್ ಬಾಡಿಗೆಗೆ ಸಿಗುತ್ತಿದ್ದ ಕಾಲ ನೆನಪಿದೆಯಲ್ಲ? ಟಿವಿ, ವಿಸಿಆರ್, ಕ್ಯಾಸೆಟ್ಟುಗಳು ಎಲ್ಲಾ ಒಟ್ಟಿಗೇ ಬರುತ್ತಿದ್ದವು. ಅಂಗಳದಲ್ಲಿ ಟೇಬಲ್ ಹಾಕಿ, ಚಾಪೆ ಹಾಸಿ, ಬೆಳಕು ಹರಿಯೋ ತನಕ ಒಂದರ ಹಿಂದೊಂದು ಸಿನಿಮಾ. ಯಾರ ಮನೆಯ ದುಡ್ಡು, ಯಾರು ಯಾರ ಪೈಕಿ ಅಂತ ಬಾಗಿಲಲ್ಲಿ ಒಬ್ಬರೂ ಕೇಳುತ್ತಿರಲಿಲ್ಲ. ಮಧ್ಯರಾತ್ರಿ ಕರೆಂಟ್ ಹೋದರೆ, ಬರುವವರೆಗೆ ಅಲ್ಲೇ ಹರಟೆ. ಅಂಥ ಅಂಗಳದಲ್ಲಿ ಬೆಳೆದವರಿಗೆ "ನೀನು ಯಾರು?" ಅಂತ ಪ್ರತಿ ಸಲ ಕೇಳುವ ಫೋಲ್ಡರ್ ವಿಚಿತ್ರ ಅನಿಸದೆ ಇರುತ್ತದೆಯೇ?

ಆದರೆ ಕೇಳುವುದಕ್ಕೆ ಕಾರಣ ಇದೆ ನೋಡ್ರಿ. ಯಂತ್ರಗಳು ಫೈಲು ಹಂಚಿಕೊಳ್ಳುವ ಎಸ್‌ಎಂಬಿ ಅನ್ನೋ ಭಾಷೆ 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. 1991ರ ಕೊನೆಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಂಡ್ರ್ಯೂ ಟ್ರಿಜೆಲ್, ಆ ವೈರಿನಲ್ಲಿ ಏನು ಹೋಗುತ್ತದೆ, ಏನು ಬರುತ್ತದೆ ಅಂತ ಕೂತು ನೋಡಿ ನೋಡಿಯೇ ತನ್ನದೊಂದು ಸರ್ವರ್ ಬರೆದ. ಅದೇ ಮುಂದೆ ಸಾಂಬಾ ಆಯಿತು. ಇವತ್ತು ಮನೆಯ ಮೂಲೆಯಲ್ಲಿ ಗುಂಯ್ ಅನ್ನುವ ಎಷ್ಟೋ ನ್ಯಾಸ್ ಪೆಟ್ಟಿಗೆಗಳ, ಅಂದರೆ ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕಿನ ಪೆಟ್ಟಿಗೆಗಳ, ಒಳಗೆ ಕೂತಿರುವುದು ಅದೇ, ಪುಕ್ಕಟೆ. ಆ ಭಾಷೆಯ ಹಳೇ ರೂಪ, ಎಸ್‌ಎಂಬಿ 1, ಬಹಳ ಸಡಿಲು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ಕುತಂತ್ರಾಂಶ ಜಗತ್ತಿನ ತುಂಬಾ ಕಂಪ್ಯೂಟರುಗಳಿಗೆ ಬೀಗ ಜಡಿದು ದುಡ್ಡು ಕೇಳಿತಲ್ಲ, ಅದು ನುಗ್ಗಿದ್ದು ಆ ಸಂದಿಯಿಂದಲೇ. ಅದೇ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಎಸ್‌ಎಂಬಿ 1 ತಾನಾಗಿ ಬರುವುದು ನಿಂತಿತು. ಹಳೇ ಟಿವಿ ಪೆಟ್ಟಿಗೆಗೆ ಫೋಲ್ಡರ್ ಕಾಣುತ್ತಿಲ್ಲ ಅಂತ ಅದನ್ನು ಮತ್ತೆ ಚಾಲೂ ಮಾಡುವವರು ಇದ್ದಾರೆ. ಬ್ಯಾಡ್ರಿ, ಒಂದು ಸಿನಿಮಾದ ಸಲುವಾಗಿ ಇಡೀ ಮನೆ ತೆರೆದಿಟ್ಟಂಗ ಆಗ್ತದ.

ಇನ್ನು ನಮ್ಮ ಗುಂಡಗುರ್ತಿ, ಶಹಾಬಾದ, ವಾಡಿ ಕಡೆಯ ಮನೆಗಳದ್ದೇ ಒಂದು ಕಥೆ. ಹಳೇ ಮನೆಗಳ ಕಲ್ಲಿನ ಗೋಡೆ ದಪ್ಪ. ಬೇಸಿಗೆಯಲ್ಲಿ ಒಳಗೆ ಬಂದು ಕೂತರೆ ಜೀವ ತಣ್ಣಗಾಗುತ್ತದೆ, ಆ ಪುಣ್ಯ ದೊಡ್ಡದು. ಆದರೆ ಆ ಗೋಡೆ ಬಿಸಿಲನ್ನು ತಡೆದ ಹಾಗೇ ವೈಫೈಯನ್ನೂ ತಡೆಯುತ್ತದೆ, ಅದರಲ್ಲೂ 5 ಗಿಗಾಹರ್ಟ್ಸ್‌ನದು ಎರಡನೇ ಗೋಡೆ ದಾಟುವಷ್ಟರಲ್ಲಿ ಸುಸ್ತು. ಪಡಸಾಲೆಯಲ್ಲಿ ಸಿನಿಮಾ ನಿಂತು ನಿಂತು ಓಡಿದರೆ ಸರ್ವರನ್ನು ಬೈಯಬ್ಯಾಡ್ರಿ. ಒಂದು ಲ್ಯಾನ್ ವೈರು ಎಳೆದುಬಿಡ್ರಿ. ನೂರು ಮೀಟರಿನವರೆಗೆ ಅದಕ್ಕೆ ಚಿಂತೆಯಿಲ್ಲ. ಹಳೇ ರೌಟರಿನ 100 ಮೆಗಾಬಿಟ್ ಕಿಂಡಿಯೂ ಒಂದು ಎಚ್‌ಡಿ ಸಿನಿಮಾಕ್ಕೆ ಧಾರಾಳ ಸಾಕು.

ಕರೆಂಟ್ ಹೋಗಿ ಬಂದಾಗಿನ ತಮಾಷೆ ಬೇರೆ. ಸರ್ವರ್ ಮೊದಲು ಏಳುತ್ತದೆ, ಡಿಸ್ಕಿನ ಪೆಟ್ಟಿಗೆ ಆಮೇಲೆ. ಸರ್ವರ್ ಇಣುಕಿದರೆ ಫೋಲ್ಡರ್ ಖಾಲಿ! ಕೆಲವು ಸರ್ವರುಗಳು ಅಷ್ಟಕ್ಕೇ ಎಲ್ಲಾ ಹೋಯಿತೆಂದು ಪಟ್ಟಿಯಿಂದ ಹೆಸರು ಅಳಿಸಿ ಕೂರುತ್ತವೆ. ಫೈಲುಗಳು ಎಲ್ಲೂ ಹೋಗಿರುವುದಿಲ್ಲ, ಗಾಬರಿ ಬೇಡ. ಲಿನಕ್ಸ್ ಇದ್ದವರು ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಆಟೋಮೌಂಟ್ ಹಾಕಿಟ್ಟರೆ, ಯಾರಾದರೂ ಕೇಳಿದಾಗಲೇ ಫೋಲ್ಡರ್ ಜೋಡಣೆಯಾಗುತ್ತದೆ. ಡಿಸ್ಕಿನ ಪೆಟ್ಟಿಗೆಗೆ ರೌಟರಿನಲ್ಲಿ ಒಂದು ಕಾಯಂ ಐಪಿ ನಂಬರನ್ನೂ ಬರೆದಿಡ್ರಿ. ಇಲ್ಲದಿದ್ದರೆ ಅದು ಇವತ್ತೊಂದು ನಂಬರು, ನಾಳೆ ಇನ್ನೊಂದು ಅಂತ ತಿರುಗುತ್ತಿರುತ್ತದೆ, ಅಲ್ವಾ?

ಇಷ್ಟೆಲ್ಲಾ ಯಾಕೆ, ಸಿನಿಮಾ ಫೋನಿನಲ್ಲೇ ಸಿಗುತ್ತದಲ್ಲ ಅಂತ ಕೇಳಬಹುದು. ಸಿನಿಮಾ ಸಿಗುತ್ತದೆ, ಖರೆ. ಆದರೆ ಮೊಹರಂ ರಾತ್ರಿ ನಮ್ಮ ಹಿರಿಯರು ಹಾಡಿದ ರಿವಾಯತ್ ಪದದ ಕ್ಯಾಸೆಟ್ಟು, ತೀರಿಹೋದ ಅಜ್ಜಿಯ ಬೀಸುಕಲ್ಲಿನ ಹಾಡು, ಜಾತ್ರೆಯ ತೇರಿನ ವಿಡಿಯೋ ಯಾವ ಕಂಪನಿಯ ಆ್ಯಪಿನಲ್ಲೂ ಸಿಗುವುದಿಲ್ಲ. ಅವು ಇರುವುದು ನಮ್ಮ ನಮ್ಮ ಫೋಲ್ಡರಿನಲ್ಲಿ ಮಾತ್ರ. ಅದಕ್ಕೇ ಯಾರಿಗೆ ಎಷ್ಟು ಹಕ್ಕು ಅನ್ನುವುದು ಸಣ್ಣ ಮಾತಲ್ಲ.

ಕಾಕಾಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಡಿಸ್ಕ್ ಇರುವ ಯಂತ್ರದಲ್ಲಿ ಸರ್ವರಿಗೆಂದೇ ಬೇರೆ ಒಂದು ಖಾತೆ, ಬೇರೆ ಪಾಸ್‌ವರ್ಡ್ ಮಾಡ್ರಿ. ಸರ್ವಿಸ್ ಅದೇ ಖಾತೆಯ ಹೆಸರು ಹೇಳಿ ಬಾಗಿಲು ತಟ್ಟುವ ಹಾಗೆ ಇಡ್ರಿ. ನಿಮ್ಮ ಸ್ವಂತ ಪಾಸ್‌ವರ್ಡ್ ಅದಕ್ಕೆ ಕೊಡಬ್ಯಾಡ್ರಿ. ಫೋಲ್ಡರಿನ ಮೇಲೆ ಓದುವ ಹಕ್ಕು ಮಾತ್ರ ಇರಲಿ. ಹಾಡು ಹಾಡಿಸಲಿಕ್ಕೆ ಅಷ್ಟು ಸಾಕು, ಅಳಿಸಲಿಕ್ಕೆ ಆಗುವುದಿಲ್ಲ. ಮತ್ತೆ ಆ ಕ್ಯಾಸೆಟ್ಟಿನ ಹಾಡುಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿ, ಬೇರೆ ಮನೆಯಲ್ಲಿ ಇಡ್ರಿ.